ಮೂರನೇ ಮಹಡಿಯ ಮೋಟಾರು

ಮೊದಲೇ ಹೇಳಿಬಿಡುತ್ತೇನೆ, ಇದು ನಿಜವಾಗಿ ನಡೆದದ್ದು. ನಾನೇ ಕಟ್ಟಿದ ಕತೆಯಾಗಿದ್ದರೆ ಕೊನೆಯಲ್ಲಿ ಲೈಬ್ರರಿ ಸಾಹೇಬರನ್ನು ಗೆಲ್ಲಿಸುತ್ತಿದ್ದೆ. ಅಷ್ಟು ಕರುಣೆ ನನಗೂ ಇದೆ.

ಸಾಹೇಬರದು ಮೂರನೇ ಮಹಡಿ. ಇಪ್ಪತ್ತೆರಡು ವರ್ಷದಿಂದ ಗ್ರಂಥಾಲಯದ ಮೇಜಿನ ಹಿಂದೆ ಕೂತು ಬಂದವರಿಗೆಲ್ಲ ‘ಶ್!’ ಅನ್ನುವುದೇ ಅವರ ಉದ್ಯೋಗ. ಯಾರಾದರೂ ಪುಟ ಜೋರಾಗಿ ತಿರುವಿದರೂ ಕನ್ನಡಕದ ಮೇಲಿಂದ ನೋಡಿಬಿಡುವರು. ಇಂಥ ಮನುಷ್ಯನ ಒಳಗೆ ಸದ್ದು ಮಾಡುವ ಆಸೆ ಕುಕ್ಕರಿನ ಹಬೆಯಂತೆ ಕೂಡುತ್ತಾ ಹೋಗಿ, ಹೋದ ಸೋಮವಾರ ಸೀಟಿ ಹೊಡೆದೇಬಿಟ್ಟಿತು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ ಬೇಸ್ ಗಿಟಾರನ್ನು ಹೆಗಲಿಗೇರಿಸಿ, ಸ್ಟೂಲಿನಷ್ಟೆತ್ತರದ ಆಂಪ್ಲಿಫೈಯರನ್ನು ತಬ್ಬಿಕೊಂಡು ಮನೆಗೆ ಬಂದರು.

“ಇದಕ್ಕೆ ನಾಲ್ಕೇ ತಂತಿ ಕಣೆ. ಆರು ತಂತಿಯದಕ್ಕಿಂತ ಸದ್ದು ಕಮ್ಮಿ” ಎಂದರು ಹೆಂಡತಿಗೆ.

“ಬೇಸೋ ಗೀಸೋ, ಅಕ್ಕಪಕ್ಕದೋರಿಗೆ ಬೇಸರ ಆಗದಿದ್ರೆ ಸಾಕು” ಎಂದರು ಆಕೆ.

ಸಾಹೇಬರು ನಿಯಮದ ಮನುಷ್ಯ. ಕೂಡಲೇ ಒಂದು ಹಾಳೆ ತೆಗೆದು ದುಂಡಗೆ ಬರೆದರು: ‘ಭಾನುವಾರ ಸಂಜೆ ಆರರೊಳಗೆ ನಮ್ಮ ಮನೆಯ ಸದ್ದಿನ ಬಗ್ಗೆ ಒಂದೇ ಒಂದು ದೂರು ಬಂದರೂ ಗಿಟಾರ್ ವಾಪಸ್.’ ಅಂಗಡಿಯವರು ವಾಪಸು ತೆಗೆದುಕೊಳ್ಳುವ ಗಡುವೂ ಅದೇ. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು.

ಆರು ದಿನ ಕರೆಂಟು ಕೊಡದೆ ಬಾರಿಸಿದರು. ಖಾಲಿ ಡಬ್ಬಿಯಲ್ಲಿ ಚಮಚ ಅಲ್ಲಾಡಿಸಿದಂತೆ ‘ಕ್ಲಕ್, ಕ್ಲಕ್’. ಭಾನುವಾರ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಧೈರ್ಯ ಬಂತು. ಅಡುಗೆಮನೆಯಲ್ಲಿದ್ದ ಒಂದೇ ಖಾಲಿ ಪ್ಲಗ್ಗಿಗೆ ಆಂಪ್ಲಿಫೈಯರ್ ಸಿಕ್ಕಿಸಿ ಗೋಡೆಗೆ ಒತ್ತಿ ಇಟ್ಟರು. ಸದ್ದು ಮೆತ್ತಗಾಗಲೆಂದು ಪಾತ್ರೆ ತೊಳೆಯುವ ಸ್ಪಂಜಿನ ತುಂಡೊಂದನ್ನು ತಂತಿಗಳ ಬುಡಕ್ಕೆ ತುರುಕಿದರು. ಟೋನ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಮೀಟಿದರು.

‘ಧುಂ...’

ಆಹಾ! ಸದ್ದು ಕಿವಿಗೆ ಬರಲಿಲ್ಲ, ಹಿಮ್ಮಡಿಯಿಂದ ಹತ್ತಿ ಬೆನ್ನಿಗೆ ಕಂಬಳಿ ಹೊದಿಸಿತು. ಸಾಹೇಬರ ಕಣ್ಣು ತಾನಾಗಿಯೇ ಮುಚ್ಚಿತು. ಎಂಟು ಸ್ವರದ ಒಂದು ಸಾಲು ಶುರುಮಾಡಿದರು. ಏಳನೆಯದಕ್ಕೆ ಬೆರಳು ಜಾರಿತು. ‘ಥೂ’ ಎಂದು ಮೊದಲಿಂದ ಹಿಡಿದರು. ಮತ್ತೆ ಏಳನೆಯದಕ್ಕೇ ಜಾರಿತು.

ಆ ಗೋಡೆಯ ಹಿಂದೆಯೇ ಇಡೀ ಕಟ್ಟಡದ ನೀರಿನ ಪೈಪುಗಳು ಇಳಿಯುತ್ತವೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಎರಡನೇ ಮಹಡಿಯ ನರ್ಸಮ್ಮನ ಬಚ್ಚಲಲ್ಲಿ ಮಗ್ಗು ತಾನಾಗಿಯೇ ನಡೆಯತೊಡಗಿತು. ಅದರ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರ ಹಲ್ಲಿನ ಸೆಟ್ಟು ಲೋಟದೊಳಗೇ ಮಾತಾಡತೊಡಗಿತು. ಮೇಷ್ಟ್ರು ನಿವೃತ್ತರಾದರೂ ಸೀಟಿ ನಿವೃತ್ತಿಯಾಗಿರಲಿಲ್ಲ; ಮೇಲಾಗಿ ಅವರು ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ.

‘ಪೀ...ಈ...ಈ!’ “ಎಲ್ರೂ ಕೆಳಗಿಳೀರಿ! ನೀರಿನ ಮೋಟಾರು ಕೆಟ್ಟಿದೆ!”

ಸಾಹೇಬರು ಗಿಟಾರಿಗೆ ಬೆಡ್‌ಶೀಟು ಹೊದಿಸಿ ಇಳಿದರು. ಒಪ್ಪಿಕೊಂಡರೆ ಅದೇ ದೂರು, ಗಿಟಾರ್ ಹೋಯಿತು. ಬಾಯಿಗೆ ತಮ್ಮದೇ ‘ಶ್!’ ಹಾಕಿಕೊಂಡು ನಿಂತರು.

ಪ್ಲಂಬರ್ ಬಂದ. ಪೈಪಿಗೆ ಕಿವಿಯಿಟ್ಟು, “ಸಾರ್, ನೀವು ಮೇಲೆ ಹೋಗಿ ನಿಮ್ಮ ಅಡುಗೆಮನೆ ನಲ್ಲಿ ತೆಗೀರಿ” ಎಂದ. ಸಾಹೇಬರು ಹೋದರು, ನಲ್ಲಿ ತೆಗೆದರು. ಬೆಡ್‌ಶೀಟಿನ ಅಂಚಿನಲ್ಲಿ ಗಿಟಾರಿನ ಕತ್ತು ಇಣುಕುತ್ತಿತ್ತು. ಒಂದೇ ಸಲ, ಆ ಏಳನೆಯದೊಂದನ್ನು ಸರಿಮಾಡಿಬಿಟ್ಟರೆ? ಧುಂ, ಧುಂ, ಧುಂ... ಥೂ! ಮತ್ತೆ ಮೊದಲಿಂದ, ಧುಂ, ಧುಂ... ಥೂ!

ಕೆಳಗೆ ಮೇಷ್ಟ್ರು ಕುಣಿದಾಡಿದರು. “ಕೇಳಿಸ್ತೇನಯ್ಯಾ? ಮತ್ತೆ ಶುರು!”

ಪ್ಲಂಬರ್ ಕಣ್ಣುಮುಚ್ಚಿ ತಲೆಯಾಡಿಸಿದ. “ದೊಡ್ಡ ಕಾಯಿಲೆ ಸಾರ್. ಮೋಟಾರು ಬಿಚ್ಚಬೇಕು. ಟಾರ್ಚ್ ಹಿಡಿಯೋಕೆ ಒಬ್ರು ಬೇಕು.”

ಇಳಿದು ಬಂದ ಸಾಹೇಬರ ಕೈ ಪಾಪಪ್ರಜ್ಞೆಯಿಂದ ತಾನೇ ಮೇಲೆದ್ದಿತು. ಮೋಟಾರು ಬಿಚ್ಚಿದ ಮೇಲೆ ನಲ್ಲಿಗಳು ಬತ್ತಿದವು.

“ರೀ, ನರ್ಸಮ್ಮನಿಗೆ ಡ್ಯೂಟಿಗೆ ಹೊತ್ತಾಯ್ತಂತೆ, ಕೆಳಗಿನ ತೊಟ್ಟಿಯಿಂದ ಎರಡು ಬಕೆಟ್ ನೀರು ಕೊಟ್ಟು ಬನ್ನಿ” ಎಂದರು ಹೆಂಡತಿ ಮೆಟ್ಟಿಲ ಮೇಲಿಂದ. ಎರಡು ನಾಲ್ಕಾಯಿತು, ನಾಲ್ಕು ಹದಿನಾಲ್ಕಾಯಿತು. ಮೇಷ್ಟ್ರು ಸೀಟಿ ಊದುತ್ತಾ, “ಎಡ! ಬಲ! ಬೆನ್ನು ನೆಟ್ಟಗೆ! ನೋಡ್ರಿ, ಇಂಥ ನೆರೆಯೋರು ಎಲ್ಲಿ ಸಿಗ್ತಾರೆ?” ಎಂದು ಹೊಗಳಿದರು. ಸಾಹೇಬರ ಭುಜ ಮಾತ್ರ ಹೊಗಳಲಿಲ್ಲ.

ಸಂಜೆ ಐದೂವರೆಗೆ ಬಿಚ್ಚಿದ ಮೋಟಾರು ಮತ್ತೆ ತನ್ನ ಜಾಗದಲ್ಲಿ ಕೂತಿತು. ಕೈ ತೊಳೆಯುವ ನೆಪದಲ್ಲಿ ಸಾಹೇಬರ ಮನೆಗೆ ಬಂದ ಪ್ಲಂಬರ್ ನೇರ ಹೋಗಿ ಬೆಡ್‌ಶೀಟು ಎತ್ತಿದ.

“ಸಾರ್, ಆ ಏಳನೇದಕ್ಕೆ ಕಿರುಬೆರಳು ಹಾಕಿ. ಉಂಗುರದ ಬೆರಳು ಜಾರುತ್ತೆ.”

ಸಾಹೇಬರ ಮುಖ ಸುಣ್ಣ ಬಳಿದಂತಾಯಿತು. “ನಿನಗೆ... ನಿನಗೆ ಹೇಗಪ್ಪಾ...?”

“ಹದಿನೈದು ವರ್ಷ ಬ್ಯಾಂಡಲ್ಲಿ ಬೇಸ್ ಬಾರಿಸಿದೋನು ಸಾರ್ ನಾನು. ಕೆಟ್ಟ ಮೋಟಾರು ಒಂದೇ ಸಮ ಗೊರಗುಟ್ಟುತ್ತೆ. ಏಳನೇ ಏಟಿಗೆ ತಪ್ಪಿ, ಸ್ವಲ್ಪ ಹೊತ್ತು ನಾಚಿಕೊಂಡು, ಮತ್ತೆ ಮೊದಲಿಂದ ಶುರುಮಾಡೋ ಮೋಟಾರು ನಾನಂತೂ ಕಂಡಿಲ್ಲ!”

“ಮತ್ತೆ ಬಿಚ್ಚಿದ್ದು ಯಾಕೆ?”

“ವರ್ಷಕ್ಕೊಂದ್ಸಲ ಕ್ಲೀನ್ ಮಾಡ್ಬೇಕಿತ್ತು. ಟಾರ್ಚ್ ಹಿಡಿಯೋಕೆ ಯಾರೂ ಬರ್ತಿರಲಿಲ್ಲ. ಇವತ್ತು ನೀವು ಸಿಕ್ಕಿದ್ರಿ.”

“ಬಕೆಟ್ಟು?”

“ಅದು ಅಮ್ಮಾವ್ರ ಐಡಿಯಾ.”

ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲಾಡುತ್ತಿದ್ದರು. “ಬಚ್ಚಲಲ್ಲಿದ್ದ ನನಗೂ ಕೇಳಿಸಿತ್ತು ರೀ. ನೀವಾಗೇ ಯಾವಾಗ ಬಾಯಿಬಿಡ್ತೀರೋ ನೋಡೋಣ ಅಂತ...”

ಸಾಹೇಬರು ಅವಳನ್ನು ನೋಡಿದರು, ಇವನನ್ನು ನೋಡಿದರು, ಎಡ-ಬಲ ಹಾಕುತ್ತಾ ಬಕೆಟ್ ಹೊತ್ತ ತಮ್ಮನ್ನೇ ನೆನೆಸಿಕೊಂಡರು. ಹೊಟ್ಟೆಯ ತಳದಲ್ಲಿ ಯಾವುದೋ ದಪ್ಪ ತಂತಿ ಕಂಪಿಸಿತು. ಇಪ್ಪತ್ತೆರಡು ವರ್ಷ ‘ಶ್’ ಅನ್ನಿಸಿಕೊಂಡಿದ್ದ ನಗುವೆಲ್ಲ ಒಟ್ಟಿಗೇ ಹೊರಬಿತ್ತು. ಹ್ಹಹ್ಹಹ್ಹಾ! ಆಂಪ್ಲಿಫೈಯರ್ ಇಲ್ಲದೆಯೇ ಅಲಮಾರಿನ ಗಾಜು ಅದುರಿತು.

‘ಪೀ...ಈ!’ ಬಾಗಿಲಲ್ಲಿ ಡ್ರಿಲ್ ಮೇಷ್ಟ್ರು. “ಏನ್ರೀ ಇದು ಗಲಾಟೆ! ಮೋಟಾರು ಸುಮ್ಮನಾದ್ರೆ ನೀವು ಶುರುಮಾಡಿದ್ರಾ? ಕಾರ್ಯದರ್ಶಿಯಾಗಿ ಹೇಳ್ತಿದೀನಿ, ಇದನ್ನ ದೂರು ಅಂತಾನೇ ತಿಳ್ಕೊಳ್ಳಿ!”

ಗೋಡೆಯ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ. ಮೂವರ ಕಣ್ಣೂ ಫ್ರಿಜ್ಜಿನತ್ತ ಹೋಯಿತು. ‘ನಮ್ಮ ಮನೆಯ ಸದ್ದು’ ಎಂದಿತ್ತು, ಗಿಟಾರಿನದೆಂದು ಇರಲಿಲ್ಲ.

“ಹರಿದು ಹಾಕಿ ರೀ, ನಾನೇನೂ ಅನ್ನಲ್ಲ” ಎಂದರು ಹೆಂಡತಿ ಮೆಲ್ಲಗೆ.

ಸಾಹೇಬರ ಕೈ ಹಾಳೆಯವರೆಗೆ ಹೋಗಿ ನಿಂತಿತು. ಹುಟ್ಟಿದಂದಿನಿಂದ ಒಂದು ಹಾಳೆಯನ್ನೂ ಹರಿದ ಕೈಯಲ್ಲ ಅದು. “ನಿಯಮ ಅಂದ್ರೆ ನಿಯಮ ಕಣೆ.”

“ಅಂಗಡಿಗ್ಯಾಕೆ ಸಾರ್, ಅದೇ ರೇಟಿಗೆ ನಾನೇ ತಗೋತೀನಿ” ಎಂದು ಪ್ಲಂಬರ್ ಆಂಪ್ಲಿಫೈಯರನ್ನು ಬಗಲಿಗಿಟ್ಟುಕೊಂಡು, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಎಷ್ಟೋ ವರ್ಷದಿಂದ ಅಲ್ಲೇ ಇತ್ತೇನೋ ಎಂಬಂತೆ ಅದು ಒಪ್ಪವಾಗಿ ಕೂತಿತು.

“ಏಯ್, ನನ್ನ ಸ್ಪಂಜು ಕೊಟ್ಟು ಹೋಗಪ್ಪಾ!” ಎಂದರು ಹೆಂಡತಿ.

ಮೇಷ್ಟ್ರು ಹುಬ್ಬೇರಿಸಿದರು. “ಏನಯ್ಯಾ ಅದು?”

“ಮೋಟಾರಿನ ಸ್ಪೇರ್ ಪಾರ್ಟು ಸಾರ್. ಸದ್ದು ಮಾಡ್ತಿದ್ದದ್ದು ಇದೇ.”

“ಅಲ್ಲಯ್ಯಾ, ಇಷ್ಟು ಉದ್ದನೇದು ಒಳಗೆ ಹೇಗೆ ಹಿಡಿಸಿತ್ತು?”

ಹೆಂಡತಿ ನಕ್ಕರು, ಪ್ಲಂಬರ್ ನಕ್ಕ, ಏನೂ ತಿಳಿಯದ ಮೇಷ್ಟ್ರೂ ಮರ್ಯಾದೆಗೆ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರು. ಇನ್ನು ಯಾರು ದೂರು ಕೊಟ್ಟರೂ ಕಳೆದುಕೊಳ್ಳಲು ಅವರ ಹತ್ತಿರ ಏನೂ ಉಳಿದಿರಲಿಲ್ಲ.