ಮುಖವಿದ್ದವರ ಅಪರಾಧ

ಬಹಳ ಹಿಂದೆ, ಪ್ರಜೆಗಳಿಗಿಂತ ನಿಯಮಾವಳಿಗಳೇ ಹೆಚ್ಚಾಗಿದ್ದ ಕಾಲದಲ್ಲಿ, ಸುಲಲಿತಪುರವೆಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ಪ್ರಸನ್ನವರ್ಮರು ಅದನ್ನು ಆಳುತ್ತಿದ್ದರು. ಬಿಡುವಿದ್ದಾಗ ಯೋಚಿಸುತ್ತಲೂ ಇದ್ದರು.

ಅಲ್ಲಿನ ನಿಂಗಾಜಮ್ಮ ಹನ್ನೊಂದು ವರ್ಷದಿಂದ ಮನೆಮನೆಗೆ ನಡೆದು ಕೇಶಾಮೃತ ಕಂಪನಿಯ ತಲೆಎಣ್ಣೆ ಮಾರುತ್ತಿದ್ದಳು. ಅಂಗಡಿಯಲ್ಲಿ ಇಡಕೂಡದು, ಗಿರಾಕಿಯ ಮುಖ ನೋಡಿಯೇ ಮಾರಬೇಕು ಎಂಬುದು ಕಂಪನಿಯ ಕರಾರು. ಹೀಗಿರಲು ಮಾಯಾಸಂತೆ ಎಂಬ ಆನ್‌ಲೈನ್ ಪೇಟೆ ಹುಟ್ಟಿತು. ಅದೇ ಬಾಟಲಿ ಅಲ್ಲಿ ಅರ್ಧ ಬೆಲೆಗೆ ಕಾಣಿಸಿಕೊಂಡಿತು. ಸೀಲು ಒಡೆದಿತ್ತು, ತಳದ ನಂಬರನ್ನು ಯಾರೋ ಕೆರೆದಿದ್ದರು. ಅದನ್ನು ತರಿಸಿ ಹಚ್ಚಿಕೊಂಡ, ನಿಂಗಾಜಮ್ಮನ ಹಳೆಯ ಗಿರಾಕಿ ಚೆಲುವಾಜಮ್ಮನ ತಲೆಯೆಲ್ಲ ಬೊಬ್ಬೆ ಎದ್ದು, ಕೂದಲೆಲ್ಲ ಉದುರಿಹೋಯಿತು.

“ನೀನು ಕೊಡೋ ಎಣ್ಣೆನೇ ಅಂತ ನಂಬ್ಕಂಡು ಹಚ್ಚಿದ್ನಲ್ಲೇ!” ಎಂದು ಅವಳು ಅತ್ತಳು.

ತಾನು ಮಾರಿದ್ದಲ್ಲದಿದ್ದರೂ ನಿಂಗಾಜಮ್ಮನಿಗೆ ಅನ್ನ ಸೇರಲಿಲ್ಲ. ಮರುದಿನವೇ ಚೆಲುವಾಜಮ್ಮನನ್ನು ಕರೆದುಕೊಂಡು, ಬಾಟಲಿ ಹಿಡಿದು ಆಸ್ಥಾನಕ್ಕೆ ಹೋದಳು.

ಕಂಪನಿಯ ವಕೀಲ ಬಾಗಿ ನಮಿಸಿದ. “ಪ್ರಭೂ, ತಮ್ಮ ಕೇಶರಾಶಿಯೇ ನಮಗೆ ಸ್ಫೂರ್ತಿ. ನಮ್ಮ ಒಪ್ಪಿಗೆಯಿಲ್ಲದೆ ಮಾರಿದ ಎಣ್ಣೆ ನಮ್ಮದಲ್ಲ.”

ಮಹಾರಾಜರು ತಮ್ಮ ಬೋಳುತಲೆಯನ್ನು ಸವರಿಕೊಂಡು ಸಂತೋಷಪಟ್ಟರು.

ಮಾಯಾಸಂತೆಯ ವಕೀಲ ಇನ್ನೂ ಕೆಳಕ್ಕೆ ಬಾಗಿದ. “ಮಹಾಸ್ವಾಮಿ, ನಾವು ಬರೀ ವೇದಿಕೆ. ಮರದ ಕೆಳಗೆ ಯಾರೋ ಬುಟ್ಟಿ ಇಟ್ಟರೆ ಮರವನ್ನು ಜೈಲಿಗೆ ಹಾಕಲಾದೀತೇ?”

“ಮರ ಅಂತೀರಲ್ಲ ಬುದ್ಧಿ, ಮಾರಿದ್ರಲ್ಲಿ ನಿಮ್ಗೂ ಪಾಲು ಬತ್ತದಲ್ವಾ?” ಎಂದಳು ನಿಂಗಾಜಮ್ಮ.

“ಅದು ನೆರಳಿನ ನಿರ್ವಹಣಾ ಶುಲ್ಕ.”

ಮಹಾರಾಜರು ಧರ್ಮಸಂಕಟಕ್ಕೆ ಸಿಕ್ಕರು. ಅವರ ಜನ್ಮದಿನೋತ್ಸವಕ್ಕೆ ಕಂಪನಿಯೂ ಸಂತೆಯೂ ಪ್ರಾಯೋಜಕರು. ಆಗ ಕಾನೂನು ಮಂತ್ರಿ ಕಿವಿಯಲ್ಲಿ ಉಸುರಿದ: “ಶಿಕ್ಷೆಯ ಫಾರಂನಲ್ಲಿ ಫೋಟೊ ಕಡ್ಡಾಯ, ಪ್ರಭೂ. ಕಂಪನಿಗೆ ಮುಖವಿಲ್ಲ, ಸಂತೆಗೂ ಇಲ್ಲ. ಇಲ್ಲಿ ಮುಖ ಇರುವುದು ಈ ಹೆಂಗಸರಿಗೆ ಮಾತ್ರ.”

ತೀರ್ಪು ಹೊರಬಿತ್ತು. ನಿಂಗಾಜಮ್ಮನ ಮಾರಾಟದ ಪರವಾನಗಿ ರದ್ದು. ರಾಜಚಿಹ್ನೆಯಾದ ಬೋಳುತಲೆಯನ್ನು ಅನುಮತಿಯಿಲ್ಲದೆ ಹೊಂದಿದ್ದಕ್ಕೆ ಚೆಲುವಾಜಮ್ಮನಿಗೆ ನೋಟಿಸ್. ಸಭಾಸದರು “ಎಂಥ ಸಮತೋಲನ!” ಎಂದು ಕಣ್ಣೊರೆಸಿಕೊಂಡರು.

ಹದಿನೈದು ದಿನದಲ್ಲಿ ಕಂಪನಿಯೂ ಸಂತೆಯೂ ರಾಜಿಯಾದವು. ಕೇಶಾಮೃತದ ಅಧಿಕೃತ ಮಳಿಗೆ ಮಾಯಾಸಂತೆಯಲ್ಲೇ ತೆರೆಯಿತು, ಬೆಲೆ ಮೊದಲಿನ ಎರಡರಷ್ಟು. ವಿವಾದ ಬಗೆಹರಿಸಿದ ಮಹಾರಾಜರಿಗೆ ‘ಗ್ರಾಹಕ ಚಕ್ರವರ್ತಿ’ ಎಂಬ ಬಿರುದು, ಹೊಸ ಕಿರೀಟ.

ಮರುದಿನ ಅಧಿಕಾರಿಯೊಬ್ಬ ರಸೀದಿ ಪುಸ್ತಕ ಹಿಡಿದು ಪ್ರತಿ ಮನೆಯ ಕದ ತಟ್ಟಿದ.

“ಇದ್ಯಾವ ಸುಂಕ ಬುದ್ಧಿ?” ಎಂದಳು ನಿಂಗಾಜಮ್ಮ.

“ನ್ಯಾಯ ಮನೆಬಾಗಿಲಿಗೆ ಬಂದಿದೆಯಲ್ಲಮ್ಮ. ಡೆಲಿವರಿ ಚಾರ್ಜು.”

“ನಮ್ಗೆ ಬ್ಯಾಡ, ವಾಪಸ್ ತಕಂಡೋಗಿ.”

“ರಿಟರ್ನ್ ಇಲ್ಲ,” ಎಂದು ಅವನು ರಸೀದಿ ಹರಿದುಕೊಟ್ಟ.