ಫ್ಯಾನಿನ ಕೆಳಗಿನ ಕುರ್ಚಿ

ಮಣಿಪಾಲದ ಹೋಟೆಲೊಂದರಲ್ಲಿ ಫ್ಯಾನಿನ ಕೆಳಗಿರುವ ಕುರ್ಚಿ ಭಾನುವಾರ ಬೆಳಿಗ್ಗೆ ಮತ್ತೊಮ್ಮೆ ಕೈ ಬದಲಾಯಿಸಿತು. ಪ್ರಾಣಹಾನಿಯಾದ ವರದಿಯಿಲ್ಲ. ಪರಿಸ್ಥಿತಿ ಹತೋಟಿಯಲ್ಲಿದ್ದು, ಸೋತವರು ಇಡ್ಲಿ ತಿನ್ನುತ್ತಿದ್ದರು.

ಇಂಥ ಸುದ್ದಿಯನ್ನು ನಾನು ಕೆಲಸ ಮಾಡುತ್ತಿದ್ದ ಪತ್ರಿಕೆ ಒಮ್ಮೆಯೂ ಹಾಕಲಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಪಾಲಿಗೆ ಇದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ. ಅದು ವಾರವಾರವೂ ಆಗುತ್ತಲೇ ಇತ್ತು.

ನಮ್ಮ ಸಂವಿಧಾನ

ಓಡುವವರು ಮೊದಲು ಮೂವರೇ. ಒಬ್ಬರು ಬ್ಯಾಂಕಿನ ಮ್ಯಾನೇಜರು. ಇನ್ನೊಬ್ಬರು ಉಡುಪಿಯ ಪುರೋಹಿತರ ಮನೆಯ ಭಟ್ರು, ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದರು. ಮೂರನೆಯವನು ನಾನು. ಭಾನುವಾರ ಬೆಳಕು ಹರಿಯುವಾಗ ಹೊರಟು, ಎಲ್ಲೆಲ್ಲೋ ಓಡಿ, ಕೊನೆಗೆ ಈ ಹೋಟೆಲಿಗೆ ಬಂದು ಮುಟ್ಟುವುದು ನಮ್ಮ ಕ್ರಮ.

ಹೋಟೆಲಿನಲ್ಲಿ ಫ್ಯಾನುಗಳು ಬೇಕಾದಷ್ಟು ಇದ್ದವು. ಎಲ್ಲವೂ ತಿರುಗುತ್ತಿದ್ದವು. ಗಾಳಿ ಬರುತ್ತಿದ್ದದ್ದು ಒಂದರಿಂದ ಮಾತ್ರ. ಕರಾವಳಿಯ ಸೆಕೆಯಲ್ಲಿ ಗಂಟೆಗಟ್ಟಲೆ ಓಡಿ ಬಂದವನಿಗೆ ಆ ಫ್ಯಾನಿನ ಕೆಳಗಿನ ಕುರ್ಚಿ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಹೊಸ್ತಿಲನ್ನು ಮೊದಲು ದಾಟಿದವನಿಗೆ ಕುರ್ಚಿ, ಉಳಿದವರಿಗೆ ಬೆವರು. ಸಂವಿಧಾನ ಇಷ್ಟೆ.

ಮ್ಯಾನೇಜರು ಆ ಕುರ್ಚಿಯಲ್ಲಿ ಒಮ್ಮೆಯೂ ಕುಳಿತವರಲ್ಲ. ಕಾಲಿನಲ್ಲಿ ಬಲವಿತ್ತು, ಉಸಿರೂ ಇತ್ತು. ಅವರ ತೊಂದರೆ ಸಭ್ಯತೆ. ದಾರಿಯಲ್ಲಿ ಯಾರಾದರೂ ನಮಸ್ಕಾರ ಅಂದರೆ ನಿಂತು, ಕೈ ಮುಗಿದು, ಮನೆಯವರ ಆರೋಗ್ಯ ವಿಚಾರಿಸಿ ಮುಂದೆ ಹೋಗುತ್ತಿದ್ದರು. ಊರಿನ ಅರ್ಧ ಜನರ ಖಾತೆ ಅವರ ಬ್ಯಾಂಕಿನಲ್ಲಿತ್ತು.

"ನೀವು ಒಂದು ಕೆಲಸ ಮಾಡಿ ಮ್ಯಾನೇಜರೇ," ಎಂದರು ಒಮ್ಮೆ ಭಟ್ರು, ಫ್ಯಾನಿನ ಕೆಳಗಿನಿಂದ. "ಮುಖಕ್ಕೆ ಬೈರಾಸು ಕಟ್ಟಿಕೊಂಡು ಓಡಿ."

"ಬ್ಯಾಂಕಿನವರು ಮುಖ ಮುಚ್ಚಿಕೊಂಡು ಓಡುವುದನ್ನು ನೋಡಿದರೆ ಜನ ಎಂತ ತಿಳಿದುಕೊಳ್ಳುತ್ತಾರೆ ಮಾರಾಯರೇ?" ಎಂದರು ಮ್ಯಾನೇಜರು.

ಹಿರಿಯಡ್ಕದ ಅಮ್ಮ

ವರ್ಷಕ್ಕೊಮ್ಮೆ ಮಣಿಪಾಲದಿಂದ ಕಾರ್ಕಳಕ್ಕೆ ಓಡಿ, ಬಸ್ಸಿನಲ್ಲಿ ವಾಪಸು ಬರುತ್ತಿದ್ದೆವು. ಕಾರ್ಕಳದ ಬಸ್‌ಸ್ಟ್ಯಾಂಡ್ ಮೊದಲು ಮುಟ್ಟಿದವರಿಗೆ ಮುಂದಿನ ಭಾನುವಾರದ ಕುರ್ಚಿ.

ಆ ಕಾಲದಲ್ಲಿ ಪ್ರಾಯಕ್ಕೆ ಬಂದವರು ರಸ್ತೆಯಲ್ಲಿ ಓಡಿದರೆ ಕಾರಣ ಎರಡೇ: ಹೊರಟ ಬಸ್ಸು ಅಥವಾ ಬಿಟ್ಟ ನಾಯಿ. ಹಿರಿಯಡ್ಕದ ಹತ್ತಿರ ಮನೆಯೆದುರು ಸೆಗಣಿ ಸಾರಿಸುತ್ತಿದ್ದ ವಯಸ್ಸಾದ ಅಮ್ಮ ಒಬ್ಬರು, ಬೆವರು ಸುರಿಸುತ್ತ ಮುಂದೆ ಓಡಿ ಬರುತ್ತಿದ್ದ ಮ್ಯಾನೇಜರನ್ನು ನೋಡಿದರು. ಹಿಂದೆ ನೋಡಿದರು. ಬಸ್ಸೂ ಇಲ್ಲ, ನಾಯಿಯೂ ಇಲ್ಲ.

"ಯಾರು ನಿಮ್ಮನ್ನು ಅಟ್ಟಿಸಿಕೊಂಡು ಬರುವುದು?"

ಮ್ಯಾನೇಜರು ನಿಂತರು. ಹಿರಿಯರು ಮಾತಾಡಿಸಿದ ಮೇಲೆ ನಿಲ್ಲದೆ ಹೇಗೆ? "ಹಿಂದೆ ಭಟ್ರು ಬರುತ್ತಿದ್ದಾರೆ ಅಮ್ಮ."

"ಭಟ್ರಾ? ಅವರಿಗೆ ಎಂತ ಮಾಡಿದ್ದು ನೀವು?"

"ಎಂತ ಮಾಡಿಲ್ಲ. ಅವರ ಕೈಗೆ ಸಿಕ್ಕಬಾರದು, ಅಷ್ಟೆ."

ಅಮ್ಮ ಮತ್ತೇನೂ ಕೇಳಲಿಲ್ಲ. ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಬೆಲ್ಲದ ತುಂಡು ಮತ್ತು ಚೆಂಬಿನಲ್ಲಿ ನೀರು ಮುಂದಿಟ್ಟು, ಹೊರಗಿನಿಂದ ಚಿಲಕ ಹಾಕಿದರು. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಚಿಲಕ ಅವರ ಸ್ವಂತದ್ದು.

ಅಷ್ಟರಲ್ಲಿ ಭಟ್ರು ಬಂದರು. "ಇಲ್ಲಿ ಒಬ್ಬರು ಓಡಿಕೊಂಡು ಹೋದರಾ?"

"ಹೋದರು. ಪೆರ್ಡೂರಿನ ಕಡೆಗೆ ತಿರುಗಿದರು," ಎಂದರು ಅಮ್ಮ. "ಪಾಪದ ಮನುಷ್ಯ. ಏನಿದ್ದರೂ ಬಿಟ್ಟುಬಿಡಿ ಭಟ್ರೇ, ನೀವು ಓದಿದವರು."

ಭಟ್ರು ಪೆರ್ಡೂರಿನ ರಸ್ತೆ ಹಿಡಿದರು. ಮ್ಯಾನೇಜರು ಕಾರ್ಕಳಕ್ಕೆ ಹೊಸ ದಾರಿ ಕಂಡುಹಿಡಿದಿದ್ದಾರೆ, ಅದು ಏನೆಂದು ನೋಡಿಯೇ ಬಿಡುತ್ತೇನೆ ಎಂಬುದು ಅವರ ಲೆಕ್ಕಾಚಾರ. ಪೆರ್ಡೂರಿನ ದೇವಸ್ಥಾನ ಕಾಣುವವರೆಗೂ ಅವರಿಗೆ ಸಂಶಯ ಬರಲಿಲ್ಲ. ಅಷ್ಟು ದೂರ ಬಂದ ಮೇಲೆ ಒಳಗೆ ಹೋಗಿ ಅನಂತಪದ್ಮನಾಭನಿಗೆ ಕೈಮುಗಿದು ಬಂದರಂತೆ. ಏನು ಬೇಡಿಕೊಂಡರೆಂದು ಹೇಳಲಿಲ್ಲ.

ನಾನು ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಮಧ್ಯಾಹ್ನದವರೆಗೆ ಕಾದೆ. ಓಟದಲ್ಲಿ ನಾನು ಗೆದ್ದದ್ದು ಅದೊಂದೇ. ಆ ಅಮ್ಮನಿಗೆ ನಾನು ಇವತ್ತಿಗೂ ಕೃತಜ್ಞ.

ಸ್ಲ್ಯಾಬಿಗೆ ಭಾನುವಾರವಿಲ್ಲ

ನಾಲ್ಕನೆಯವನಾಗಿ ಸೇರಿದವನು ಬಾಗಲಕೋಟೆ ಕಡೆಯ ಮೇಸ್ತ್ರಿ. ಗಾರೆ ಕೆಲಸಕ್ಕೆ ಬಂದವನು, ಇಲ್ಲೇ ಸಂಸಾರ ಹೂಡಿದ್ದ. ಒಂದು ಭಾನುವಾರ ಚಪ್ಪಲಿ ಕೈಯಲ್ಲಿ ಹಿಡಿದು ನಮ್ಮ ಹಿಂದೆ ಓಡಿ ಬಂದ. ಏನು ವಿಷಯ ಎಂದು ಕೇಳಿದರೆ, "ನೀವು ಓಡಾಕ ಹತ್ತಿದ್ರಿ, ನಾನೂ ಓಡಿದೆ. ಎಲ್ಲಿ ಹೊಂಟೀವ್ರಿ?" ಎಂದ. ಹೋಟೆಲ್ ತೋರಿಸಿದೆವು. ನಾವು ಮುಟ್ಟುವಾಗ ಅವನು ಕುರ್ಚಿಯಲ್ಲಿ ಕುಳಿತು ಎರಡನೆಯ ಚಾ ಕುಡಿಯುತ್ತಿದ್ದ.

ಅವನಿಗೂ ಒಂದು ದೌರ್ಬಲ್ಯ ಉಂಟೆಂದು ಮ್ಯಾನೇಜರು ಪತ್ತೆ ಮಾಡಿದರು. ಕಟ್ಟಡದ ಕೆಲಸ ಕಂಡರೆ ಕಾಲು ತಾನಾಗಿ ನಿಲ್ಲುತ್ತಿತ್ತು. ಆಗ ಮಣಿಪಾಲದಲ್ಲಿ ಎಲ್ಲಿ ನೋಡಿದರೂ ಫ್ಲ್ಯಾಟುಗಳು ಏಳುತ್ತಿದ್ದವು. ಮುಂದಿನ ವಾರದ ದಾರಿಯನ್ನು ಮ್ಯಾನೇಜರೇ ನಿಗದಿ ಮಾಡಿದರು. ಅದು ಊರಿನ ಕಟ್ಟಡಗಳನ್ನೆಲ್ಲ ಪ್ರದಕ್ಷಿಣೆ ಹಾಕಿ ಬರುವ ದಾರಿಯಾಗಿತ್ತು.

ಉಪಾಯ ಫಲಿಸಿತು. ಮೇಸ್ತ್ರಿ ಮೊದಲ ಕಟ್ಟಡದಲ್ಲೇ ನಿಂತ. ಅಲ್ಲಿ ಸ್ಲ್ಯಾಬ್ ಹಾಕುತ್ತಿದ್ದವರೆಲ್ಲ ಅವನ ಕಡೆಯವರು.

"ಯಾಕೋ ಅಣ್ಣಾ, ಎಲ್ಲಿ ಓಡಾಕತ್ತೀ?"

"ಪಂದ್ಯ ಐತೋ. ಆ ಸಾಹೇಬ್ರು ಮುಂದ ಹೋದ್ರು ನೋಡು."

ಅಲ್ಲಿದ್ದ ಒಬ್ಬನ ಹತ್ತಿರ ಮೊಬೈಲ್ ಇತ್ತು. ಅದು ಹೊಸದು, ಯಾರಿಗಾದರೂ ಫೋನ್ ಮಾಡಲು ಅವನು ಕಾರಣ ಹುಡುಕುತ್ತಿದ್ದ.

ಮ್ಯಾನೇಜರು ಕೊನೆಯ ತಿರುವಿಗೆ ಬಂದಾಗ ಜಲ್ಲಿ ತುಂಬಿದ ಲಾರಿಯೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಡ್ರೈವರು ಇಳಿದು ಬಂದು, "ನಮಸ್ಕಾರ್ರಿ ಸಾಹೇಬ್ರ. ಮನ್ಯಾಗ ಎಲ್ಲಾ ಆರಾಮ?" ಎಂದ.

ಮ್ಯಾನೇಜರು ಎಂದಿನಂತೆ ನಿಂತು, ಕೈ ಮುಗಿದು, ಅವನ ಮನೆಯವರ ಆರೋಗ್ಯ ವಿಚಾರಿಸಿದರು. ಅಷ್ಟರಲ್ಲಿ ಮೇಸ್ತ್ರಿ ಅವರನ್ನು ದಾಟಿ ಹೋಗಿ ಆಗಿತ್ತು. ಅವರ ದೌರ್ಬಲ್ಯವೂ ಫೋನಿನಲ್ಲಿ ತಲುಪಿತ್ತು ಎನ್ನುವುದು ನಮಗೆ ಆಮೇಲೆ ತಿಳಿಯಿತು.

ಕಾಪುವಿನಿಂದ ಕೊನೆಯ ಓಟ

ಆಮೇಲೆ ಮ್ಯಾನೇಜರಿಗೆ ವರ್ಗವಾಯಿತು. ದೂರದ ಉತ್ತರಕ್ಕೆ. ಕೊನೆಯ ಭಾನುವಾರ ಕಾಪುವಿನ ದೀಪಸ್ತಂಭದಿಂದ ಓಡೋಣ ಎಂದರು ಅವರು. ಹೋಟೆಲಿನಲ್ಲಿ ಅವರು ಚಾ ಹೇಳಲು ಎದ್ದು ಹೋದಾಗ ಭಟ್ರು ನಮ್ಮಿಬ್ಬರನ್ನು ಹತ್ತಿರ ಕರೆದರು.

"ಕುರ್ಚಿಯಲ್ಲಿ ಒಮ್ಮೆಯೂ ಕೂರದೆ ಆ ಮನುಷ್ಯ ಊರು ಬಿಡಬಾರದು. ಈ ಸಲ ನಾವು ಸೋಲಬೇಕು. ಅವರಿಗೆ ಗೊತ್ತಾಗಬಾರದು."

"ನನಗ ಸಾವಕಾಶ ಓಡಾಕ ಬರಂಗಿಲ್ರಿ," ಎಂದ ಮೇಸ್ತ್ರಿ.

"ಕಲಿ ಮಾರಾಯ."

ಸೋಲುವುದು ಇಷ್ಟು ಕಷ್ಟ ಎಂದು ನಮಗೆ ಗೊತ್ತಿರಲಿಲ್ಲ. ಕಟಪಾಡಿಯ ಹತ್ತಿರ ನಾನು ಕಾಲು ಉಳುಕಿದವನಂತೆ ಕುಳಿತೆ. ಮ್ಯಾನೇಜರು ಮುಂದೆ ಹೋಗಲಿಲ್ಲ. ಹಿಂದೆ ಬಂದು, ಹೆದ್ದಾರಿಯ ಬದಿಯಲ್ಲಿ ಮಂಡಿಯೂರಿ, ತಮ್ಮ ಕರವಸ್ತ್ರವನ್ನು ನನ್ನ ಪಾದಕ್ಕೆ ಬಿಗಿದು ಕಟ್ಟಿದರು. ಉದ್ಯಾವರದ ಸೇತುವೆಯ ಮೇಲೆ ಭಟ್ರು ಎದೆ ಹಿಡಿದು ನಿಂತರು. ಮ್ಯಾನೇಜರು ಅವರ ಬೆನ್ನು ನೀವಿ, ಎಳನೀರು ತಂದು ಕುಡಿಸಿದರು. ಮೇಸ್ತ್ರಿ ಮಾತ್ರ ಓಡಿ ಕಣ್ಮರೆಯಾಗುತ್ತಿದ್ದ, ನೆನಪಾದ ಕೂಡಲೇ ವಾಪಸು ಬರುತ್ತಿದ್ದ. ಸೋಲುವ ಪ್ರಯತ್ನದಲ್ಲಿ ಅಂದು ಎಲ್ಲರಿಗಿಂತ ಹೆಚ್ಚು ದೂರ ಓಡಿದವನು ಅವನೇ.

ಮಣಿಪಾಲದ ಏರು ಹತ್ತುವಾಗ ನಾಲ್ವರೂ ಒಂದೇ ಸಾಲಿನಲ್ಲಿದ್ದೆವು. ಬಿಸಿಲು ಏರಿತ್ತು. ಹೋಟೆಲಿನ ಬಾಗಿಲಿಗೆ ಬಂದು ನಿಂತೆವು. ಒಳಗೆ ಫ್ಯಾನ್ ತಿರುಗುತ್ತಿತ್ತು, ಕುರ್ಚಿ ಖಾಲಿ ಇತ್ತು.

"ಹೋಗಿ ಮ್ಯಾನೇಜರೇ," ಎಂದರು ಭಟ್ರು.

"ನೀವು ಹಿರಿಯರು. ನೀವು ಮೊದಲು."

"ನನಗೆ ಎದೆ ನೋವು. ನಡೆಯಲಿಕ್ಕೆ ಆಗುವುದಿಲ್ಲ."

"ಹಾಗಾದರೆ ಕಾಲು ಉಳುಕಿದವರು ಹೋಗಲಿ." ಮ್ಯಾನೇಜರು ನನ್ನ ಕಾಲು ನೋಡಿದರು. "ನಾನು ಕಟ್ಟಿದ್ದು ಬಲಗಾಲಿಗೆ. ನೀವು ಉಡುಪಿಯಿಂದ ಈಚೆಗೆ ಕುಂಟುತ್ತಿರುವುದು ಎಡಗಾಲು."

ನಾನು ಎಡಗಾಲನ್ನು ಮೆಲ್ಲನೆ ನೆಲಕ್ಕೆ ಊರಿದೆ.

"ಇಷ್ಟು ವರ್ಷ ನನ್ನನ್ನು ಸೋಲಿಸಿದ್ದು ಚೆನ್ನಾಗಿತ್ತು," ಎಂದರು ಅವರು. "ಗೆಲ್ಲಿಸಲು ಮಾತ್ರ ನಿಮಗೆ ಬರುವುದಿಲ್ಲ. ಅದಕ್ಕೂ ನಾನು ಋಣಿ. ಈಗ ಯಾರಾದರೂ ಒಳಗೆ ಹೋಗಿ."

"ನೀವ ಹೋಗ್ರಿ ಸಾಹೇಬ್ರ," ಎಂದ ಮೇಸ್ತ್ರಿ. ಅವನ ಕಣ್ಣು ಒದ್ದೆಯಾಗಿತ್ತು. ಬೆವರು ಎಂದು ಅವನೇ ವಿವರಣೆ ಕೊಟ್ಟ.

"ನೀನು ಹೋಗಪ್ಪ. ಎರಡು ಸಲ ಓಡಿದವನು ನೀನು."

ಹೀಗೆ ನೀವು ಮೊದಲು, ನೀವು ಮೊದಲು ಎನ್ನುತ್ತ ನಾಲ್ವರೂ ಹೊಸ್ತಿಲಿನ ಹೊರಗೆ ನಿಂತಿದ್ದಾಗ, ಬಸ್ಸಿನಿಂದ ಇಳಿದು ಬಂದ ಒಬ್ಬರು ಸೂಟ್‌ಕೇಸ್ ಸಮೇತ ನಮ್ಮ ನಡುವೆ ನುಗ್ಗಿ, "ಸ್ವಲ್ಪ ದಾರಿ ಬಿಡ್ತೀರಾ?" ಎಂದರು. ಮ್ಯಾನೇಜರು ಎಲ್ಲರಿಗಿಂತ ಮೊದಲು ಸರಿದು ದಾರಿ ಕೊಟ್ಟರು. ಬಂದವರು ನೇರವಾಗಿ ಹೋಗಿ ಫ್ಯಾನಿನ ಕೆಳಗೆ ಕುಳಿತರು.

"ಇಲ್ಲಿ ಗಾಳಿ ಚೆನ್ನಾಗಿದೆ," ಎಂದು ನಮಗೆ ಹೇಳಿದರು.

ಭಟ್ರು ಮೆಲ್ಲನೆ ಹತ್ತಿರ ಹೋಗಿ, ಯಾವ ಊರಾಯಿತು, ಇಲ್ಲಿ ಏನು ಕೆಲಸ ಎಂದು ವಿಚಾರಿಸಿದರು. ಅವರು ಬ್ಯಾಂಕಿನ ಹೆಸರು ಹೇಳಿದರು. ಅಲ್ಲಿಯ ಮ್ಯಾನೇಜರಿಗೆ ವರ್ಗವಾಗಿದೆಯಂತೆ, ಅವರ ಜಾಗಕ್ಕೆ ಬಂದದ್ದಂತೆ.

ನಮ್ಮ ಮ್ಯಾನೇಜರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಗಲು ಶುರು ಮಾಡಿದವರು, ಇಡ್ಲಿ ಬಂದು ತಣ್ಣಗಾಗುವವರೆಗೂ ನಿಲ್ಲಿಸಲಿಲ್ಲ.

ಮರುದಿನ ಅವರು ಚಾರ್ಜ್ ಒಪ್ಪಿಸಿದರು. ಕುರ್ಚಿಯನ್ನು ಹಿಂದಿನ ದಿನವೇ ಒಪ್ಪಿಸಿ ಆಗಿತ್ತು. ಹೊಸ ಮ್ಯಾನೇಜರು ಓಡುವುದಿಲ್ಲ.