ಮಾವನವರು ಇಟ್ಟ ಕಾಯಿ

ಹನ್ನೊಂದು ವಾರದಿಂದ ಕೊಲೆಯ ಧಾರಾವಾಹಿ ಬರೆಯುತ್ತಿದ್ದವನಿಗೆ ಕೊಲೆಗಾರ ಯಾರೆಂದು ಗೊತ್ತಿರಲಿಲ್ಲ. ತೊಂದರೆಗೆಲ್ಲ ಮೂಲ ಇದೇ. ಕಟ್ಟಡದವರು ಅವನನ್ನು ಪತ್ತೇದಾರ ಎಂದೇ ಕರೆಯುತ್ತಿದ್ದರು. ಹಣೆಯ ಮೇಲಿರುವ ಕನ್ನಡಕವನ್ನು ಮನೆಯೆಲ್ಲ ಹುಡುಕುವವನಿಗೆ ಆ ಹೆಸರು ಸ್ವಲ್ಪ ಜಾಸ್ತಿಯೇ. ಗಡಿಯಾರದಂಗಡಿಯ ಮಾಲೀಕನನ್ನು ಸಾಯಿಸಿಬಿಟ್ಟು, ಕೊಂದವನನ್ನು ಆಮೇಲೆ ಹುಡುಕಿದರಾಯಿತೆಂದು ವಾರದಿಂದ ವಾರಕ್ಕೆ ತಳ್ಳುತ್ತ ಬಂದಿದ್ದ. ಬೆಳಿಗ್ಗೆ ವಾರಪತ್ರಿಕೆಯ ಸಂಪಾದಕರ ಫೋನು ಬಂತು.

"ಸಂಜೆಯೊಳಗೆ ಕೊನೇ ಕಂತು ಕಳಿಸಿ. ಇಲ್ಲಾಂದ್ರೆ ನಿಮ್ಮ ಪುಟ ವಾರಭವಿಷ್ಯದವರಿಗೆ ಹೋಗುತ್ತೆ. ಅವರು ಒಂದು ವಾರಾನೂ ತಪ್ಪಿಸಿಲ್ಲ."

ಆ ಒಂದು ಪುಟ ಬಿಟ್ಟರೆ ಅವನು ಲೇಖಕ ಎನ್ನುವುದಕ್ಕೆ ಜಗತ್ತಿನಲ್ಲಿ ಬೇರೆ ಸಾಕ್ಷಿ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಮಾವನವರಿಗೆ ಇಷ್ಟೇ ಬೇಕಿತ್ತು. ನಿವೃತ್ತಿಯಾದ ಮೇಲೆ ಚದುರಂಗ ಬಿಟ್ಟು ಬೇರೇನನ್ನೂ ಮುಟ್ಟದವರು ಅವರು.

"ನಾನು ಮೊದಲೇ ಹೇಳಿದ್ದೆ ಅಳಿಯಂದ್ರೆ. ಕೊಲೆ ಕತೆ ಅಂದ್ರೆ ಚದುರಂಗ. ಕೊನೇ ನಡೆ ಗೊತ್ತಿಲ್ದೆ ಮೊದಲನೇ ಕಾಯಿ ಮುಟ್ಟಬಾರದು. ಹೋಗ್ಲಿ, ಈಗಾದ್ರೂ ಎಲ್ಲರನ್ನೂ ಹಲಗೆ ಮೇಲಿಟ್ಟು ನೋಡಿ. ರಾಜನ ಮನೆ ತನಕ ಯಾವ ಕಾಯಿಗೆ ದಾರಿ ಇದೆಯೋ ಅದೇ ಕೊಲೆಗಾರ."

ಬೇರೆ ಗತಿಯಿಲ್ಲದೆ ಪತ್ತೇದಾರ ಊಟದ ಮೇಜಿನ ಮೇಲೆ ಹಲಗೆ ಇಟ್ಟ. ಮಾಲೀಕ ರಾಜ, ಅವನ ಹೆಂಡತಿ ಮಂತ್ರಿ, ಭಾಮೈದ ಆನೆ, ಎಂದೂ ನೇರವಾಗಿ ಮಾತಾಡದ ಡಾಕ್ಟರು ಒಂಟೆ, ಡ್ರೈವರು ಕುದುರೆ. ಅಡುಗೆಯವನು, ಕಾವಲುಗಾರ ಮೊದಲಾದವರು ಕಾಲಾಳುಗಳು. ಅವು ನೋಡಲು ಒಂದೇ ತರ ಇದ್ದುದರಿಂದ ತಲೆಯ ಮೇಲೆ ಪೆನ್ನಿನಿಂದ ಒಂದೊಂದು ಅಕ್ಷರ ಬರೆದ. ರಾಜನೊಬ್ಬನನ್ನು ಬಿಟ್ಟು, ಕತೆಯಲ್ಲಿ ಆಗಲೇ ಸತ್ತವರನ್ನೆಲ್ಲ ಮೇಜಿನ ಅಂಚಿನಲ್ಲಿ ಸಾಲಾಗಿ ಮಲಗಿಸಿದ.

ನೋಡುತ್ತ ನೋಡುತ್ತ ಒಂಟೆಯ ದಾರಿ ತೆರೆದುಕೊಂಡಿತು. ಡಾಕ್ಟರೇ ಸರಿ ಎಂದು ಪೆನ್ನು ಹಿಡಿಯುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಕೊಲೆಗಾರ ಯಾರೆಂದು ಇವತ್ತೇ ತೀರ್ಮಾನವಾಗುತ್ತದೆಂದು ಮಾವನವರು ಆಗಲೇ ಮೆಟ್ಟಿಲ ಮೇಲೆ ನಿಂತು ಸುದ್ದಿ ಹಂಚಿ ಬಂದಿದ್ದರು. ಬಂದವರು ಮಹಡಿ ಮನೆಯಾಕೆ.

"ಕೊಲೆಗಾರ ಡಾಕ್ಟರ್ ಅಲ್ಲ ತಾನೆ? ನಮ್ಮ ಅಳಿಯ ಡಾಕ್ಟರು."

"ಅಮ್ಮ, ಇದು ಬರೀ ಕತೆ."

"ಅದು ನಿಮಗೆ ಗೊತ್ತು. ನಮ್ಮ ಬೀಗಿತ್ತಿಗೆ ಗೊತ್ತಾಗ್ಬೇಕಲ್ಲ."

ಒಂಟೆ ಹೊರಗೆ ಹೋಯಿತು. ಕುದುರೆಗೆ ಕೈ ಹಾಕಿದರೆ ಕೆಳಗಿನ ಮನೆಯ ಟ್ಯಾಕ್ಸಿಯವನು ಬಂದು ನಿಂತ. "ಯಾವಾಗ್ಲೂ ಡ್ರೈವರೇ ಯಾಕೆ ಸಾರ್? ನಿಮ್ಮ ಮಗಳನ್ನ ಸ್ಕೂಲಿಗೆ ಬಿಡೋನು ನಾನೇ, ನೆನಪಿರ್ಲಿ."

ಕುದುರೆಯೂ ಹೋಯಿತು. ಆಮೇಲೆ ಬಂದದ್ದು ಸಾಕ್ಷಾತ್ ಮನೆ ಮಾಲೀಕರು.

"ಭಾಮೈದ ಕೊಂದ ಅಂತ ಬರೆದ್ರೆ ಜನ ನನ್ನೇ ನೋಡ್ತಾರೆ. ಈ ಕಟ್ಟಡ ನಮ್ಮ ಭಾವ ಬಿಟ್ಟುಹೋದದ್ದು. ಅವರು ತಾವಾಗೇ ಸತ್ರು."

"ನಾನು ಕೇಳಲೇ ಇಲ್ಲವಲ್ಲ ಸಾರ್."

"ಕೇಳೋ ಮುಂಚೆ ಹೇಳಿರೋಣ ಅಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನವೇ ಕಟ್ಟಡದ ತುಂಬ. ಪತ್ತೇದಾರನಿಗೆ ಮೈಯೆಲ್ಲ ಉರಿಯಿತು. ಬಾಡಿಗೆ ಮನೆಯಲ್ಲಿ ಉರಿದು ಏನು ಪ್ರಯೋಜನ? ಆನೆಯನ್ನೂ ಎತ್ತಿಟ್ಟ.

ಅಷ್ಟರಲ್ಲಿ ಊಟಕ್ಕೆ ಮೇಜು ಬೇಕೆಂದು ಹೆಂಡತಿ ಬಂದಳು. "ಯಾರಂತೆ ರೀ ಕೊಂದಿದ್ದು?"

"ಹೆಂಡತಿ ಅಂತ ಕಾಣುತ್ತೆ."

"ಓಹೋ. ನಿಮ್ಮ ಮನಸ್ಸಲ್ಲಿ ಇರೋದು ಇದೇನಾ? ಊಟ ಬಡಿಸ್ತೀನಿ, ಮೊದಲು ಬೆಕ್ಕಿಗೆ ಹಾಕಿ ನೋಡ್ಕೊಂಡು ತಿನ್ನಿ."

ಮಂತ್ರಿಯನ್ನು ಅವನು ಜೇಬಿಗೇ ಹಾಕಿಕೊಂಡ. ಅವಳು ಹಲಗೆ, ಕಾಯಿ ಎಲ್ಲವನ್ನೂ ಮಂಚದ ಮೇಲಕ್ಕೆ ಸಾಗಿಸಿದಳು.

ಊಟ ಮುಗಿಸಿ ಬಂದು ನೋಡಿದರೆ ರಾಜನ ಪಕ್ಕದ ಮನೆಯಲ್ಲೇ ಒಂದು ಕಾಲಾಳು ನಿಂತಿತ್ತು. ತಲೆಯ ಮೇಲೆ 'ಅ'. ಅಡುಗೆಯವನು.

"ಕಾಲಾಳನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ," ಎಂದರು ಮಾವನವರು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ. "ಒಂದೊಂದೇ ಮನೆ ದಾಟಿ ಬರ್ತಾನೆ. ಕೊನೇ ಮನೆ ಮುಟ್ಟಿದ್ರೆ ಅವನೇ ಮಂತ್ರಿ."

ಪತ್ತೇದಾರನ ಎದೆ ಹಗುರವಾಯಿತು. ಇಡೀ ಕಟ್ಟಡದಲ್ಲಿ ಯಾರಿಗೂ ಅಡುಗೆಯವನ ನೆಂಟಸ್ತಿಕೆ ಇರಲಿಲ್ಲ. ಒಂದೇ ಉಸಿರಿಗೆ ಬರೆದ. ಅಡುಗೆಯವನು ಕಣ್ಣೀರಿಡುತ್ತ ತಪ್ಪೊಪ್ಪಿಕೊಂಡ, ಕೈಗೆ ಕೋಳ ಬಿತ್ತು. ಕೆಳಗೆ 'ಮುಗಿಯಿತು' ಎಂದು ಬರೆದು ಹೊತ್ತಿಗೆ ಮೊದಲೇ ಕಳಿಸಿದ.

ಸಂಜೆ ಸಂಪಾದಕರ ಫೋನು ಬಂತು. "ಸೊಗಸಾಗಿದೆ. ಅಚ್ಚಿಗೂ ಹೋಯ್ತು. ಆದ್ರೆ ಒಂದು ಸಣ್ಣ ಅನುಮಾನ. ಆ ಅಡುಗೆಯವನು ಎರಡನೇ ಕಂತಲ್ಲೇ ಬಾವಿಗೆ ಬಿದ್ದು ಸತ್ತಿದ್ನಲ್ಲ? ಆಗಿನ್ನೂ ಬದುಕಿದ್ದ ಅಂಗಡಿ ಮಾಲೀಕನೇ ಮುಂದೆ ನಿಂತು ಮಣ್ಣು ಮಾಡಿಸಿದ್ದ."

ಪತ್ತೇದಾರ ಫೋನು ಹಿಡಿದುಕೊಂಡೇ ಮಂಚದ ಬಳಿಗೆ ಓಡಿದ. "ಮಾವ, ಸತ್ತವರ ಸಾಲಲ್ಲಿದ್ದ ಕಾಯಿ ಹಲಗೆ ಮೇಲೆ ಹೇಗೆ ಬಂತು?"

"ನಾನೇ ಇಟ್ಟೆ. ಮೇಜು ಖಾಲಿ ಮಾಡುವಾಗ ಉರುಳಿ ಕೆಳಗೆ ಬಿದ್ದಿತ್ತು, ಪಾಪ. ಕಾಯಿ ಕಡಿಮೆಯಾದ್ರೆ ಆಟ ಏನು ಚೆಂದ?"

ಫೋನಿನಲ್ಲಿ ಸಂಪಾದಕರು ಇನ್ನೂ ಮಾತಾಡುತ್ತಿದ್ದರು. "ಯೋಚನೆ ಮಾಡ್ಬೇಡಿ. 'ಮುಗಿಯಿತು' ಅನ್ನೋದನ್ನ ತೆಗೆಸಿ, 'ಸತ್ತವನು ಕೊಂದದ್ದು ಹೇಗೆ?' ಅಂತ ಹಾಕಿಸಿದೀನಿ. ಉತ್ತರ ಮುಂದಿನ ವಾರ ಕೊಡಿ. ತಪ್ಪಿದ್ರೆ ಪುಟ ವಾರಭವಿಷ್ಯಕ್ಕೆ."

ಪತ್ತೇದಾರ ಮಂಚದ ತುದಿಯಲ್ಲಿ ಕುಸಿದು ಕೂತ. ಮಾವನವರು ಆಗಲೇ ಹಲಗೆಯನ್ನು ಮತ್ತೆ ಜೋಡಿಸಿ, ಅಳಿಯನ ಜೇಬಿನಿಂದ ಮಂತ್ರಿಯನ್ನು ತಾವೇ ತೆಗೆದುಕೊಂಡು ಅದರ ಮನೆಯಲ್ಲಿಟ್ಟರು.

"ಬನ್ನಿ ಅಳಿಯಂದ್ರೆ, ನಡೆ ನಿಮ್ಮದು," ಎಂದರು.

ಈ ಸಲ ಒಂದು ಕಾಯಿಯೂ ಕಡಿಮೆ ಇರಲಿಲ್ಲ.